ಧಾರವಾಡದ ಅಡ್ಡಮಳೆಗೆ ಆರು ವರ್ಷ ಎದುರು ನಿಂತ ಇನ್ವರ್ಟರ್
2019ರ ಮಾರ್ಚ್‌ನಲ್ಲಿ ಕೊಂಡ 900 ವಿಎ (ವೋಲ್ಟ್ ಆಂಪಿಯರ್) ಸಾಮರ್ಥ್ಯದ ಸೈನ್ ವೇವ್ ಇನ್ವರ್ಟರ್ ಆರು ವರ್ಷ ದಾಟಿ ಇನ್ನೂ ನಮ್ಮ ಮನೆಯಲ್ಲಿ ದುಡಿಯುತ್ತಿದೆ. ಅದರ ಜೊತೆ ತಂದ 150 ಎಎಚ್ (ಆಂಪಿಯರ್ ಅವರ್) ಸಾಮರ್ಥ್ಯದ ಟ್ಯೂಬ್ಯುಲರ್ ಬ್ಯಾಟರಿ ಐದೂವರೆ ವರ್ಷಕ್ಕೆ ಕೈಬಿಟ್ಟಿತು. ಧಾರವಾಡದಲ್ಲಿ ಇಂತಹ ಯಂತ್ರದ ಪರೀಕ್ಷೆ ನಡೆಯುವುದು ಆಷಾಢದ ಜಿಟಿಜಿಟಿ ಮಳೆಯಲ್ಲಲ್ಲ. ಭರಣಿ, ಕೃತ್ತಿಕೆಯ ದಿನಗಳಲ್ಲಿ, ಮಧ್ಯಾಹ್ನವೆಲ್ಲ ಧಗೆ ಹೊಡೆದು ಸಂಜೆ ಧೂಳೆಬ್ಬಿಸಿಕೊಂಡು ಬರುವ ಅಡ್ಡಮಳೆಯಲ್ಲಿ. ಓಣಿಯ ಹಳೆಯ ಮರಗಳ ಟೊಂಗೆ ತಂತಿಯ ಮೇಲೆ ಬಿದ್ದರೆ, 1912 ಸಹಾಯವಾಣಿಗೆ ದೂರು ಕೊಟ್ಟು, ಹೆಸ್ಕಾಂ ಲೈನ್‌ಮನ್‌ಗಳು ಟೊಂಗೆ ಕಡಿದು ತಂತಿ ಜೋಡಿಸುವವರೆಗೆ ಕಾಯದೆ ಗತಿಯಿಲ್ಲ.

"ಸರ್, ಫ್ರಿಜ್ಜೂ ಇದಕ್ಕ ಹಚ್ಚಿ ಬಿಡ್ಲೇನ್ರಿ?" ಎಂದು ಜೋಡಣೆಗೆ ಬಂದಿದ್ದ ಎಲೆಕ್ಟ್ರಿಷಿಯನ್ ಕೇಳಿದಾಗ ಹೂಂ ಎಂದದ್ದು ನನ್ನ ಮೊದಲ ತಪ್ಪು. ಕಂಪ್ರೆಸರ್ ಶುರುವಾದಾಗಲೆಲ್ಲ ಓವರ್‌ಲೋಡ್ ಎಂದು ಇನ್ವರ್ಟರ್ ಕೂಗಿಕೊಳ್ಳುತ್ತಿತ್ತು. ಮೂರನೆಯ ವಾರ ಫ್ರಿಜ್ಜಿನ ಸಂಪರ್ಕ ತೆಗೆಸಿ, 75 ವ್ಯಾಟಿನ ಎರಡು ಫ್ಯಾನು, 20 ವ್ಯಾಟಿನ ನಾಲ್ಕು ಎಲ್‌ಇಡಿ ಟ್ಯೂಬು, ವೈಫೈ ರೌಟರ್ ಇಷ್ಟನ್ನೇ ಉಳಿಸಿಕೊಂಡೆವು. ಒಟ್ಟು ಸುಮಾರು 240 ವ್ಯಾಟ್. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಇರುತ್ತದೆ. ಆದರೆ ಆ ಅಳತೆ 20 ಗಂಟೆ ನಿಧಾನವಾಗಿ ಬಳಸಿದಾಗಿನದು. ಬೇಗ ಹೀರಿದಷ್ಟೂ ಸಿಗುವುದು ಕಡಿಮೆ, ಮೇಲೆ ಇನ್ವರ್ಟರ್ ತಾನೇ ನುಂಗುವ ಪಾಲು ಬೇರೆ. ಹೊಸತರಲ್ಲಿ ನಮಗೆ ಸಿಕ್ಕದ್ದು ನಾಲ್ಕೂಕಾಲು ಗಂಟೆ.

2021ರ ಮೇ ತಿಂಗಳಲ್ಲಿ ಸಂಜೆ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂತು; ಬ್ಯಾಟರಿ ನಡುರಾತ್ರಿಗೇ ಸೋತಿತು. ಇನ್ನೊಂದು ಬ್ಯಾಟರಿ ಕೊಳ್ಳಬೇಕೆಂದು ಹೊರಟವನು ಲೆಕ್ಕ ಹಾಕಿ, ಎರಡೂ ಫ್ಯಾನುಗಳನ್ನು ಕಡಿಮೆ ಕರೆಂಟು ಹೀರುವ ಮೋಟಾರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಾಯಿಸಿದೆ. ಹೊರೆ 150 ವ್ಯಾಟಿಗೆ ಇಳಿಯಿತು, ಅದೇ ಬ್ಯಾಟರಿ ಏಳು ಗಂಟೆಯ ಹತ್ತಿರ ಬಂತು, ಖರ್ಚಾದದ್ದು ಹೊಸ ಬ್ಯಾಟರಿಯ ಬೆಲೆಯ ಅರ್ಧಕ್ಕಿಂತ ಕಡಿಮೆ. ದೊಡ್ಡ ಬ್ಯಾಟರಿ ಮಾರುವ ಅಂಗಡಿಯವರು ಈ ಮಾತನ್ನು ತಾವಾಗಿ ಹೇಳುವುದಿಲ್ಲ. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಹನ್ನೆರಡು ಗಂಟೆಗೂ ಹೆಚ್ಚು ಬೇಕಾಗುವುದರಿಂದ, ಎರಡು ಸಂಜೆ ಬೆನ್ನುಬೆನ್ನಿಗೆ ಗಾಳಿಮಳೆ ಬಂದರೆ ಎರಡನೆಯ ರಾತ್ರಿ ಮೊದಲಿನಷ್ಟು ನೆಚ್ಚುವಂತಿಲ್ಲ. ಆಗಲೂ ಕಡಿಮೆ ಹೊರೆಯೇ ಕೈಹಿಡಿಯುವುದು.

ಬ್ಯಾಟರಿಯ ಆಯಸ್ಸು ಕಡಿಮೆಯಾದದ್ದರಲ್ಲಿ ನನ್ನ ಪಾಲೂ ಇದೆ. ಬ್ಯಾಟರಿಯೊಳಗಿನ ಆರು ಕೋಣೆಗಳ (ಸೆಲ್) ಮೇಲೂ ಒಂದೊಂದು ತೇಲುಬೆಂಡು ಇರುತ್ತದೆ. ಅದರ ಕಡ್ಡಿ ಕೆಂಪು ಗೆರೆಗೆ ಇಳಿಯುವ ಮೊದಲೇ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಲ್ಲಿಯ ನೀರಾಗಲಿ ಬೋರಿನ ನೀರಾಗಲಿ ಸಲ್ಲದು, ಆಸಿಡ್ಡಂತೂ ಹಾಕಲೇಬಾರದು. 2022ರ ಬೇಸಿಗೆಯಲ್ಲಿ ಎರಡು ತಿಂಗಳು ಹಾವೇರಿ ಕಡೆ ಊರಿಗೆ ಹೋಗಿ ಬಂದಾಗ ನಾಲ್ಕು ಕಡ್ಡಿಗಳು ತಳ ಹಿಡಿದಿದ್ದವು. ಅಂದಿನಿಂದ ಅದು ಮೊದಲಿನ ಬಲಕ್ಕೆ ಬರಲೇ ಇಲ್ಲ. ನೀರು ಹಾಕುವ ಅವಸರದಲ್ಲಿ ಸಿಡಿದ ಹನಿಯೊಂದು ಲುಂಗಿಗೆ ಬಿತ್ತು. ಮರುದಿನ ಒಗೆದಾಗ ಅಲ್ಲಿ ಕಡಲೆಕಾಳಿನಷ್ಟು ತೂತು. ಟರ್ಮಿನಲ್ ಮೇಲೆ ಕೂಡುವ ಬಿಳಿ ಹಸಿರು ಪುಡಿಯನ್ನು, ಸಂಪರ್ಕ ತೆಗೆದು, ಬಿಸಿನೀರಿನ ಬಟ್ಟೆಯಿಂದ ಒರೆಸಿ ವ್ಯಾಸಲಿನ್ ಹಚ್ಚುತ್ತೇನೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಮೆಟ್ಟಿಲ ಕೆಳಗಿನ ಮುಚ್ಚಿದ ಕಪಾಟಿನಲ್ಲಿದ್ದ ಬ್ಯಾಟರಿಯನ್ನು ಗಾಳಿಯಾಡುವ ಪಡಸಾಲೆಯ ಮೂಲೆಗೆ ತಂದೆವು.

ಇನ್ವರ್ಟರಿಗೆ ನಾನು ನಿಜಕ್ಕೂ ಋಣಿಯಾದದ್ದು 2023ರ ಒಂದು ಸಂಜೆ. ಗಾಳಿಗೆ ಕಂಬದ ನ್ಯೂಟ್ರಲ್ ತಂತಿ ಕಡಿದು ಮನೆಯೊಳಗೆ ವೋಲ್ಟೇಜು ಏರಿತು. ವೋಲ್ಟೇಜು ಮಿತಿ ಮೀರಿದೊಡನೆ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡಿನಲ್ಲಿದ್ದ ಇನ್ವರ್ಟರ್ ಟಕ್ಕೆಂದು ಬ್ಯಾಟರಿಗೆ ಹೊರಳಿ ಫ್ಯಾನು, ದೀಪ, ರೌಟರ್ ಉಳಿಸಿತು. ನೇರ ಸಂಪರ್ಕದಲ್ಲಿದ್ದ ಫ್ರಿಜ್ಜಿನ ಬೋರ್ಡು ಸುಟ್ಟಿತು. ಆಮೇಲೆ ಮೇನ್ ಬೋರ್ಡಿಗೆ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿದೆ. ಸಿಡಿಲಿಗೆ ಮಾತ್ರ ಇದಾವುದೂ ರಕ್ಷಣೆಯಲ್ಲ. ಗುಡುಗು ದೂರವಿರುವಾಗಲೇ ಟಿವಿ, ಫ್ರಿಜ್ಜುಗಳ ಪ್ಲಗ್ ಕಿತ್ತಿಡುತ್ತೇವೆ.

ಮಾರಾಟಗಾರರ ಬಗ್ಗೆ ನನ್ನ ಅಸಮಾಧಾನ ಒಂದೇ: ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಹಾಕದೆ ಕೊಟ್ಟಿದ್ದರು, ಬ್ಯಾಟರಿ ಸೋಲುತ್ತಿದೆ ಎಂದು ಹೋದಾಗ ಅದನ್ನೇ ನೆಪ ಮಾಡಿದರು. ಹೊಸ ಬ್ಯಾಟರಿಯನ್ನು ಬೇರೆ ಅಂಗಡಿಯಲ್ಲಿ, ಹಳೆಯದನ್ನು ಕೊಟ್ಟು ಅದರ ಸೀಸದ ಬೆಲೆ ಮುರಿದುಕೊಂಡು ತಂದೆ. ಈ ಬಾರಿ ಮುದ್ರೆ ನೋಡಿಯೇ ಹಣ ಎಣಿಸಿದೆ.

ಇನ್ವರ್ಟರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದು, ಉಳಿದ ಚಾರ್ಜನ್ನು ಅದು ಅಂಕಿಯಲ್ಲಿ ತೋರಿಸದೆ ಮೂರು ದೀಪಗಳಲ್ಲಿ ಮಾತ್ರ ತೋರಿಸುತ್ತದೆ ಎಂಬುದಕ್ಕೆ. ಅರ್ಧ ಎಚ್‌ಪಿ ನೀರಿನ ಮೋಟಾರು ಇದರ ಮೇಲೆ ನಡೆಯುವುದಿಲ್ಲ. ನಮ್ಮಲ್ಲಿ ನಲ್ಲಿಯ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವುದರಿಂದ, ಮೋಡ ಕಟ್ಟಿದ ಸಂಜೆ ನಮ್ಮ ಮನೆಯವರು ಮೊದಲು ಕೇಳುವುದು ಬ್ಯಾಟರಿಯನ್ನಲ್ಲ, ಮೇಲಿನ ಟ್ಯಾಂಕು ತುಂಬಿದೆಯೇ ಎಂದು.