ಗಲಾಪಗಸ್‌ಗೆ ಹೋಗುವುದಾದರೆ ಸಣ್ಣ ಹಡಗನ್ನೇ ಹಿಡಿಯಿರಿ

ಪೆಸಿಫಿಕ್ ಸಾಗರದಲ್ಲಿರುವ, ಈಕ್ವೆಡಾರ್ ದೇಶದ ಗಲಾಪಗಸ್ ದ್ವೀಪಗಳಲ್ಲಿ ಒಬ್ಬ ಗೈಡ್ ಜೊತೆ 16 ಜನಕ್ಕಿಂತ ಜಾಸ್ತಿ ದಡಕ್ಕೆ ಇಳಿಯುವಂತಿಲ್ಲ. ಅಲ್ಲಿನ ಪಾರ್ಕಿನ ನಿಯಮ ಅದು. ನಾವು ಹೋಗಿದ್ದು 16 ಜನರ ಹಡಗು. ಇಡೀ ಹಡಗೇ ಒಂದು ತಂಡ, ಸರದಿ ಕಾಯುವ ಮಾತೇ ಇರಲಿಲ್ಲ.

ಕೊಟ್ಟ ದುಡ್ಡಿಗೆ ಬೆಲೆ ಬಂದಿದ್ದು ನಮ್ಮ ಗೈಡ್‌ನಿಂದ. ಅಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು. ಫರ್ನಾಂಡಿನಾ ದ್ವೀಪದ ಕಪ್ಪು ಲಾವಾ ಬಂಡೆಗಳ ಮೇಲೆ ಕಡಲ ಇಗುವಾನಾ ಎಂಬ ದೊಡ್ಡ ಹಲ್ಲಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ನೋಡಿಕೊಂಡೇ ಹೆಜ್ಜೆ ಇಡಬೇಕು. ಆಗಾಗ ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತವೆ. ಪಾಚಿ ತಿನ್ನುವಾಗ ಒಳಗೆ ಹೋದ ಉಪ್ಪನ್ನು ಹಾಗೆ ಹೊರಹಾಕುತ್ತವಂತೆ. ಪಕ್ಕದಲ್ಲೇ ಒಂದು ನೀರುಕಾಗೆ ತನ್ನ ಮೋಟು ರೆಕ್ಕೆ ಒಣಗಿಸುತ್ತಿತ್ತು. ಹಾರಲಾಗದ ಈ ಜಾತಿ ಫರ್ನಾಂಡಿನಾ, ಇಸಬೆಲಾ ದ್ವೀಪಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು, ಫ್ಲ್ಯಾಶ್ ಹಾಕುವಂತಿಲ್ಲ. ಸೆಲ್ಫಿಗೆ ಮುಂದೆ ನುಗ್ಗಿದ ಒಬ್ಬರನ್ನು ಗೈಡ್ ಎಲ್ಲರೆದುರೇ ತಡೆದರು. ನಮ್ಮ ಕಡೆ ಹುಲಿ ಕಂಡರೆ ಸಾಕು, ಸಫಾರಿ ಗಾಡಿಗಳು ಮುಗಿಬೀಳುತ್ತವೆ ಅಲ್ವಾ? ಅಲ್ಲಿನ ಶಿಸ್ತು ನೋಡಿ ಮನಸ್ಸು ತುಂಬಿತು.

ಸಾಂತಾ ಕ್ರೂಜ್‌ನಲ್ಲಿ ದೈತ್ಯ ಆಮೆ ನೋಡಲು ಗುಡ್ಡದ ಕಡೆ ಹೋದೆವು. ಆ ದ್ವೀಪದಲ್ಲಿ ಕಾಫಿ ಬೆಳೆಯುತ್ತಾರೆ! ಸಿದ್ದಾಪುರದಲ್ಲಿ ತೋಟ ಇರುವ ನಾನು ಗೈಡ್‌ಗೆ ಕೇಳಿದ್ದೇ ಕೇಳಿದ್ದು. ನಮ್ಮ ಕಾಡುಗಳನ್ನು ನುಂಗುತ್ತಿರುವ ಲಂಟಾನ ಅಲ್ಲಿಗೂ ಹೊರಗಿನಿಂದ ಬಂದು ಹಬ್ಬಿದೆ. ಹಣ್ಣು, ಬೀಜ ಇದೆಯಾ ಅಂತ ದ್ವೀಪಕ್ಕೆ ಬರುವವರ ಬ್ಯಾಗ್ ಎಲ್ಲ ಯಾಕೆ ತಡಕುತ್ತಾರೆ ಅಂತ ಆಗ ಅರ್ಥವಾಯಿತು.

ಊಟ ಚೆನ್ನಾಗಿತ್ತು, ಮೀನು ತಾಜಾ. ಬೇಸರ ತಂದಿದ್ದು ಕ್ಯಾಬಿನ್. ಕೆಳಗಿನ ಅಂತಸ್ತಿನಲ್ಲಿ ಇಂಜಿನ್ ಪಕ್ಕದಲ್ಲೇ ಕೊಟ್ಟಿದ್ದರು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹಡಗು ರಾತ್ರಿಯೇ ಸಾಗುವುದು, ಆ ಸದ್ದಿಗೆ ನಿದ್ದೆ ಎಲ್ಲಿಂದ ಬರಬೇಕು? ಬುಕ್ ಮಾಡುವಾಗ ಈ ವಿಷಯ ಯಾರೂ ಹೇಳಲಿಲ್ಲ, ಅದು ಸರಿಯಲ್ಲ. ಮೇಲಿನ ಕ್ಯಾಬಿನ್ ಕೇಳಿ ಪಡೆಯಿರಿ. ಕಾಫಿ ಕೊಯ್ಲಿಗೆ ಮೊದಲು ಅಂತ ನಾವು ಸೆಪ್ಟೆಂಬರ್ ಆರಿಸಿಕೊಂಡಿದ್ದೆವು. ಆಗ ಕಡಲು ಜೋರು, ವಾಂತಿ ಮಾತ್ರೆ ಬೇಕೇ ಬೇಕು. ಆದರೆ ಅದೇ ತಣ್ಣೀರಿನ ಕಾಲದಲ್ಲಿ ಮೀನು ಜಾಸ್ತಿ. ಪಾರ್ಕಿನ ಪ್ರವೇಶ ಶುಲ್ಕವೇ 200 ಡಾಲರ್, 2024ರ ಆಗಸ್ಟ್‌ನಿಂದ ದುಪ್ಪಟ್ಟಾಗಿದೆ.

ಇನ್ನೊಂದು ಮಾತು, ದಾರಿ ನೋಡಿ ಬುಕ್ ಮಾಡಿ. ಒಂದೇ ಹಡಗು 14 ದಿನದೊಳಗೆ ಅದೇ ಜಾಗಕ್ಕೆ ಮತ್ತೆ ಹೋಗುವಂತಿಲ್ಲ. ಹಾಗಾಗಿ ಒಂದು ವಾರ ಒಂದು ದಾರಿ, ಮುಂದಿನ ವಾರ ಬೇರೆ. ನಮ್ಮದು ಪಶ್ಚಿಮದ ದಾರಿ, ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಸಿಗಲಿಲ್ಲ. ಅದನ್ನು ನೋಡಲೇಬೇಕು ಅನ್ನುವವರು ಏಪ್ರಿಲ್‌ನಿಂದ ಡಿಸೆಂಬರ್ ಒಳಗೆ ಎಸ್ಪನ್ಯೋಲಾ ದ್ವೀಪಕ್ಕೆ ಹೋಗುವ ಹಡಗು ಹುಡುಕಿ.