ಹಾಯೆನ್‌ನ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ: ಗಂಟಲಿಗೆ ತಾಗುವ ಖಾರಕ್ಕೇ ಬೆಲೆ

ಸ್ಪೇನಿನ ಹಾಯೆನ್ ಪ್ರಾಂತ್ಯದ ಪಿಕುವಲ್ ತಳಿಯ ಆಲಿವ್ ಕಾಯಿಗಳಿಂದ ರಾಸಾಯನಿಕಗಳಿಲ್ಲದೆ ಹಿಂಡಿ ತೆಗೆದ ಅತ್ಯುತ್ತಮ ದರ್ಜೆಯ, ಅಂದರೆ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ನಮ್ಮ ಮನೆಯಲ್ಲಿ ಬಳಸುತ್ತಿದ್ದೇವೆ. ಅರ್ಧ ಲೀಟರಿನ ಬಾಟಲಿಯ ಗಾಜು ಕಡು ಹಸಿರು. ಹಿಂಬದಿಯ ಚೀಟಿಯಲ್ಲಿ ಕೊಯ್ಲಿನ ತಿಂಗಳನ್ನೂ ಮುದ್ರಿಸಿದ್ದಾರೆ. ಬೆಳಕು, ಗಾಳಿ, ಶಾಖ ಮೂರೂ ಈ ಎಣ್ಣೆಗೆ ಆಗಿಬರುವುದಿಲ್ಲವಾದ್ದರಿಂದ ಕೊಳ್ಳುವಾಗ ಗಾಜಿನ ಬಣ್ಣ, ಕೊಯ್ಲಿನ ತಿಂಗಳು ಎರಡನ್ನೂ ನೋಡಲೇಬೇಕು.

ಒಂದು ಚಮಚ ಎಣ್ಣೆಯನ್ನು ಹಾಗೆಯೇ ಬಾಯಿಗೆ ಹಾಕಿಕೊಂಡರೆ ಮೊದಲು ಹಸಿ ಹುಲ್ಲಿನ ಪರಿಮಳ, ಆಮೇಲೆ ತುಸು ಕಹಿ, ನುಂಗಿದ ಮೇಲೆ ಕೆಮ್ಮು ಬರಿಸುವಷ್ಟು ಖಾರ. ಎಣ್ಣೆ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಆ ಖಾರಕ್ಕೆ ಕಾರಣ ಓಲಿಯೊಕ್ಯಾಂಥಲ್ ಎಂಬ ಪಾಲಿಫಿನಾಲ್ (ಸಸ್ಯಗಳಲ್ಲಿ ಸಹಜವಾಗಿರುವ ಒಂದು ಬಗೆಯ ಸಂಯುಕ್ತ). ನೋವಿನ ಮಾತ್ರೆಯಾದ ಐಬುಪ್ರೊಫೆನ್ ತಡೆಯುವ ಉರಿಯೂತದ ಕಿಣ್ವಗಳನ್ನೇ ಇದೂ ತಡೆಯುತ್ತದೆಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿತು. ಹಾಗೆಂದು ಒಂದು ಚಮಚ ಎಣ್ಣೆ ಒಂದು ಮಾತ್ರೆಗೆ ಸಮವಲ್ಲ. ಆದರೆ ರಿಫೈನ್ಡ್ ಆಲಿವ್ ಎಣ್ಣೆಯಲ್ಲೂ, ಹಿಂಡಿಯಿಂದ ತೆಗೆದು ಅಗ್ಗವಾಗಿ ಮಾರುವ ಪೊಮೇಸ್ ಎಣ್ಣೆಯಲ್ಲೂ ಇಂಥ ಪಾಲಿಫಿನಾಲ್‌ಗಳು ಬಹುಮಟ್ಟಿಗೆ ಕಳೆದುಹೋಗಿರುತ್ತವೆ. ಆರೋಗ್ಯಕ್ಕಾಗಿ ಹಣ ತೆರುವವರು ಪೊಮೇಸ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಹೃದಯದ ವಿಷಯದಲ್ಲಿ ಇದರ ಪರವಾಗಿ ದೊಡ್ಡ ಸಾಕ್ಷ್ಯವಿದೆ. ಸ್ಪೇನಿನಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ ಸುಮಾರು 7,400 ಜನರ ಮೇಲೆ ನಡೆದ ‘ಪ್ರೆಡಿಮೆಡ್’ ಪ್ರಯೋಗದಲ್ಲಿ, ಮೆಡಿಟರೇನಿಯನ್ ಆಹಾರದೊಂದಿಗೆ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾರೆ ಶೇ. 30ರಷ್ಟು ಕಡಿಮೆಯಾಗಿ ಕಂಡವು. ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ಲೋಪಗಳು ಕಂಡುಬಂದಿದ್ದರಿಂದ 2013ರ ವರದಿಯನ್ನು ಹಿಂಪಡೆದು, 2018ರಲ್ಲಿ ಮರುವಿಶ್ಲೇಷಿಸಿ ಪ್ರಕಟಿಸಿದಾಗಲೂ ಫಲಿತಾಂಶ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅವರ ಊಟದಲ್ಲಿ ತರಕಾರಿ, ಕಾಳು, ಮೀನು ಧಾರಾಳವಾಗಿದ್ದವೆಂಬುದನ್ನು ಮಾತ್ರ ಮರೆಯಬಾರದು.

ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲರಿ. ಆದ್ದರಿಂದ ತುಪ್ಪ, ಬೆಣ್ಣೆ, ಡಾಲ್ಡಾದ ಬದಲಿಗೆ ಬಳಸಿದರೆ ಪ್ರಯೋಜನ. ಅವುಗಳ ಮೇಲೆ ಇದನ್ನೂ ಸುರಿದುಕೊಂಡರೆ ತೂಕ ಏರುತ್ತದೆ, ಅಷ್ಟೆ. ಕಡಲೆಕಾಯಿ ಎಣ್ಣೆಯಲ್ಲೂ ಅರ್ಧದಷ್ಟು, ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಏಕ ಅಪರ್ಯಾಪ್ತ ಕೊಬ್ಬೇ (ಹೃದಯಕ್ಕೆ ಒಳ್ಳೆಯದೆನ್ನುವ ಬಗೆಯ ಕೊಬ್ಬು) ಇರುವುದರಿಂದ ಬೋಂಡಾ ಕರಿಯಲು ಇಷ್ಟು ದುಬಾರಿ ಎಣ್ಣೆ ಬೇಕಿಲ್ಲ. ನಾವು ಇದನ್ನು ಹೆಸರುಬೇಳೆ ಕೋಸಂಬರಿಗೂ, ಇಡ್ಲಿಯ ಜೊತೆಗಿನ ಚಟ್ನಿಪುಡಿಗೂ ಹಸಿಯಾಗಿಯೇ ಹಾಕಿಕೊಳ್ಳುತ್ತೇವೆ. ಚಟ್ನಿಪುಡಿಗೆ ಆ ಕಹಿ ಬಹಳ ಚೆನ್ನಾಗಿ ಹೊಂದುತ್ತದೆ. ಕೋಸಂಬರಿಗೆ ನಿಂಬೆರಸ ತುಸು ಹೆಚ್ಚು ಬೇಕಾಗುತ್ತದೆ. ಬೆಲೆ ಹೆಚ್ಚೆಂಬುದು ನಿಜ. ಆದರೂ ಐದು ಲೀಟರಿನ ಡಬ್ಬದ ರಿಯಾಯಿತಿಗೆ ಮನಸೋಲದೆ ಚಿಕ್ಕ ಬಾಟಲಿಯನ್ನೇ ಕೊಂಡು, ಒಲೆಯಿಂದ ದೂರವಿಟ್ಟು, ಮುಚ್ಚಳ ತೆರೆದ ಎರಡು ಮೂರು ತಿಂಗಳೊಳಗೆ ಮುಗಿಸುವುದು ಒಳ್ಳೆಯದು.