ಮಲೆನಾಡಿನ ಮನೆಯ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ: ಬಳಸಿ ನೋಡಿದ ಅಭಿಪ್ರಾಯ

ತೀರ್ಥಹಳ್ಳಿಯ ಆಸುಪಾಸಿನ ಎಷ್ಟೋ ತೋಟದ ಮನೆಗಳಿಗೆ ಈಗ ಫೈಬರ್ ಬಂದಿದ್ದರೂ ನೆಟ್ ಸರಿಯಿಲ್ಲವೆಂಬ ದೂರು ನಿಂತಿಲ್ಲ. ನಮ್ಮ ಮನೆಯಲ್ಲಂತೂ ಮೊಬೈಲಿನ ಫೋಟೋಗಳು ಅಪ್‌ಲೋಡ್ ಆಗತೊಡಗಿದರೆ ಸಾಕು, ಮಗಳ ಆನ್‌ಲೈನ್ ತರಗತಿಯ ಧ್ವನಿ ಕಡಿದು ಕಡಿದು ಬರುತ್ತಿತ್ತು. ಸ್ಪೀಡ್ ಟೆಸ್ಟ್ ಮಾಡಿದರೆ ಎಲ್ಲವೂ ಸರಿ. ಅಪ್‌ಲೋಡ್ ನಡೆಯುತ್ತಿರುವಾಗಲೇ ಪಿಂಗ್ (ಪುಟ್ಟ ಸಂದೇಶ ಕಳಿಸಿ ಉತ್ತರ ಬರುವ ಸಮಯ ಅಳೆಯುವ ಪರೀಕ್ಷೆ) ಮಾಡಿದರೆ ಮಾತ್ರ 30 ಮಿಲಿಸೆಕೆಂಡಿನ ಉತ್ತರಕ್ಕೆ 700 ಮಿಲಿಸೆಕೆಂಡ್ ಹಿಡಿಯುತ್ತಿತ್ತು.

ಇದು ಬಫರ್‌ಬ್ಲೋಟ್ ಎಂಬ ದೋಷ. ಹುಲಿಕಲ್ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಬೈಕು ಸಿಕ್ಕಿಕೊಳ್ಳುವ ಹಾಗೆ, ದೊಡ್ಡ ಕಡತಗಳ ಪ್ಯಾಕೆಟ್‌ಗಳು (ಮಾಹಿತಿಯ ತುಣುಕುಗಳು) ತುಂಬಿದ ಉದ್ದನೆಯ ಸರತಿಯಲ್ಲಿ ಮಾತಿನ ಪುಟ್ಟ ಪ್ಯಾಕೆಟ್‌ಗಳು ಕಾಯುತ್ತವೆ. ಅನೇಕ ರೂಟರುಗಳ ಒಳಗಿರುವ ಲಿನಕ್ಸ್ ತಂತ್ರಾಂಶದ ತಿರುಳಾದ ಕರ್ನಲ್‌ನಲ್ಲಿ ಇದಕ್ಕೆ ಪರಿಹಾರವಾಗಿ ಎಫ್‌ಕ್ಯೂ-ಕೋಡೆಲ್ ಎಂಬ ಸರತಿ ನಿರ್ವಹಣೆಯ ವಿಧಾನ ಸೇರಿದ್ದು 2012ರಲ್ಲಿ, 3.5ನೇ ಆವೃತ್ತಿಯಲ್ಲಿ. ಅದು ಪ್ರತಿ ಸಂಪರ್ಕದ ಪ್ಯಾಕೆಟ್‌ಗಳನ್ನು ಬೇರೆ ಬೇರೆ ಸರತಿಗಳಿಗೆ ಹಂಚಿ, ಕಾಯುವ ಅವಧಿ 5 ಮಿಲಿಸೆಕೆಂಡನ್ನು ಮೀರಿ ಹಾಗೆಯೇ ಮುಂದುವರಿದರೆ ಕೆಲವನ್ನು ಕೈಬಿಡುತ್ತದೆ. ಕಳುಹಿಸುವ ಕಂಪ್ಯೂಟರ್ ಅದನ್ನು ಗಮನಿಸಿ ವೇಗ ತಗ್ಗಿಸುತ್ತದೆ. ಇನ್ನೂ ಸುಧಾರಿಸಿದ ಕೇಕ್ ಎಂಬ ವಿಧಾನ 2018ರಲ್ಲಿ ಕರ್ನಲ್‌ನ 4.19ನೇ ಆವೃತ್ತಿಯ ಜೊತೆ ಬಂತು. ಇಷ್ಟಾದರೂ ನಮ್ಮ ಹಳೆಯ ರೂಟರಿನೊಳಗಿದ್ದುದು 2.6 ಸರಣಿಯ ಕರ್ನಲ್, ಅದರ ತಯಾರಕರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರು. ತಿದ್ದುಪಡಿ ಸಿದ್ಧವಿದ್ದೂ ಮನೆಗೆ ತಲುಪದಿರುವುದು ನಿಜಕ್ಕೂ ಬೇಸರದ ಸಂಗತಿ.

ರೂಟರಿನೊಳಗಿನ ತಯಾರಕರ ತಂತ್ರಾಂಶದ (ಫರ್ಮ್‌ವೇರ್) ಬದಲಿಗೆ ಹಾಕಿಕೊಳ್ಳಬಹುದಾದ, ಲಿನಕ್ಸ್ ಆಧಾರಿತ, ಉಚಿತವಾಗಿ ಸಿಗುವ ಓಪನ್‌ಡಬ್ಲ್ಯುಆರ್‌ಟಿ ಈ ಕೊರತೆಯನ್ನು ತುಂಬುತ್ತದೆ. ಸರತಿಯನ್ನು ನಿಯಂತ್ರಿಸುವ ಎಸ್‌ಕ್ಯೂಎಮ್ ಪ್ಯಾಕೇಜ್ ಹಾಕಿಕೊಂಡು, ಕೇಕ್ ಆರಿಸಿ, ಸಿಗುವ ವೇಗಕ್ಕಿಂತ ಶೇಕಡಾ 10ರಷ್ಟು ಕಡಿಮೆ ಮಿತಿಯನ್ನು ನಮೂದಿಸಬೇಕು. ಹಾಗೆ ಮಾಡಿದಾಗಲೇ ಸರತಿಯು ಮುಂದಿನ ಮೋಡೆಮ್‌ನಲ್ಲಿ ಬೆಳೆಯದೆ ನಮ್ಮ ರೂಟರಿನ ಹಿಡಿತದಲ್ಲಿ ಉಳಿಯುತ್ತದೆ. ಈಗ ಅಪ್‌ಲೋಡ್ ನಡೆಯುವಾಗಲೂ ಪಿಂಗ್ 40ರ ಆಸುಪಾಸಿನಲ್ಲಿದೆ, ತರಗತಿಯ ಧ್ವನಿ ಕಡಿಯುತ್ತಿಲ್ಲ. ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಪಿಪಿಪಿಒಇ ಸಂಪರ್ಕಗಳಲ್ಲಿ ಪ್ಯಾಕೆಟ್‌ನ ಗರಿಷ್ಠ ಗಾತ್ರ 1500ರಿಂದ 1492 ಬೈಟ್‌ಗೆ ಇಳಿಯುವುದರಿಂದ ಕೆಲವು ಜಾಲತಾಣಗಳು ಅರ್ಧಕ್ಕೇ ನಿಲ್ಲುವುದುಂಟು. ಅದಕ್ಕೆ ಬೇಕಾದ, ಪ್ಯಾಕೆಟ್‌ಗಳನ್ನು ಆ ಮಿತಿಯೊಳಗೆ ಇರಿಸುವ ಎಂಎಸ್‌ಎಸ್ ಹೊಂದಾಣಿಕೆಯೂ ಇದರ ಫೈರ್‌ವಾಲ್‌ನಲ್ಲಿ ಮೊದಲೇ ಇದೆ.

ಕೊರತೆಗಳಿಲ್ಲವೆಂದಲ್ಲ. ಕೇಕ್ ಪ್ರೊಸೆಸರನ್ನು ಚೆನ್ನಾಗಿ ದುಡಿಸುತ್ತದೆ, ಆದ್ದರಿಂದ ಹಳೆಯ ಅಗ್ಗದ ರೂಟರಿನಲ್ಲಿ ಹೆಚ್ಚಿನ ವೇಗದ ಪ್ಲಾನ್ ಪೂರ್ತಿ ಸಿಗಲಾರದು. ಬ್ರಾಡ್‌ಕಾಮ್ ವೈಫೈ ಚಿಪ್ ಇರುವ ಅನೇಕ ಮಾದರಿಗಳಿಗೆ ಬೆಂಬಲ ಸಾಲದು. 8 ಎಂಬಿ ಫ್ಲ್ಯಾಶ್ (ತಂತ್ರಾಂಶ ಉಳಿಯುವ ಜಾಗ), 64 ಎಂಬಿ ರ‍್ಯಾಮ್‌ಗಿಂತ ಕಡಿಮೆಯಿದ್ದರೆ ಪ್ರಯತ್ನಿಸದಿರುವುದೇ ಲೇಸು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ನಮ್ಮ ಕಡೆ, ರೂಟರನ್ನು ಯುಪಿಎಸ್‌ಗೆ ಜೋಡಿಸದೆ ಫರ್ಮ್‌ವೇರ್ ಬದಲಿಸಲು ಕೂರಬೇಡಿ: ಬರೆಯುವ ನಡುವೆ ವಿದ್ಯುತ್ ಕೈಕೊಟ್ಟರೆ ರೂಟರ್ ಮತ್ತೆ ಬೂಟ್ ಆಗದಿರಬಹುದು.